ಆರು ತಂತಿಯ ಹೆಣಿಗೆ

ನಮ್ಮ ಕಡೆಯ ಮಂದಿ ಪೈಪನ್ನು ಕಣ್ಣಿನಿಂದ ಕೊಳ್ಳುವುದಿಲ್ಲ, ಮೊಣಕಾಲಿನಿಂದ ಕೊಳ್ಳುತ್ತಾರೆ. ಯಾದಗಿರಿಯ ಅಂಗಡಿಯಿರಲಿ, ಶಹಾಪುರದ್ದಿರಲಿ, ಸುರಪುರದ್ದಿರಲಿ, ಗಿರಾಕಿ ಬಂದವನೇ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಪೈಪನ್ನು ಮೊಣಕಾಲಿಗೆ ಹಚ್ಚಿ, ಎರಡೂ ತುದಿ ಹಿಡಿದು ಬಗ್ಗಿಸುತ್ತಾನೆ. ಬಗ್ಗಿದರೆ ಮಾಲು ಛಲೋ. ಬಗ್ಗದಿದ್ದರೆ "ಇದೇನ್ರಿ, ಸಲಾಕಿ ಕೊಡಾಕತ್ತೀರಿ" ಎಂದು ಅಲ್ಲೇ ಒಗೆದು ಹೋಗುತ್ತಾನೆ. ಹತ್ತಿಗೂ ಮೆಣಸಿನಕಾಯಿಗೂ ಔಷಧಿ ಹೊಡೆಯುವ ಪೈಪು ಕೊಂಡು ಕೊಂಡು ಬಿದ್ದ ರೂಢಿ ಇದು. ಔಷಧಿ ಪೈಪಿಗೆ ಅದು ಸರಿಯೇ, ಸಾಲಿನಿಂದ ಸಾಲಿಗೆ ಎಳೆದಾಡುವಾಗ ಅದು ಬಳುಕಬೇಕು. ಆದರೆ ಭತ್ತ ಕೊಯ್ಯುವ ಮಶೀನಿನ ಹೈಡ್ರಾಲಿಕ್ ಪೈಪನ್ನೂ ಹಾಗೆಯೇ ನೋಡುತ್ತಾರಲ್ಲ, ಇವರಿಗೇನು ಹೇಳುವುದು? ಅದರೊಳಗೆ ಹರಿಯುವುದು ಔಷಧಿ ನೀರಲ್ಲ. ಮಶೀನಿನ ಕಬ್ಬಿಣದ ಬಾಯನ್ನು ಎತ್ತಿ ಇಳಿಸುವ ಕಾದ ಎಣ್ಣೆ.

ಮಂದಿಯನ್ನು ಬೈಯುವುದು ಸುಲಭ. ಕೊನೆಗೆ ನಾನೂ ಅದೇ ಮೊಣಕಾಲಿಗೆ ಸೋತವಳು.

ನನ್ನ ಹೆಸರು ಬಸವೇಶ್ವರಿ. ಪಾಲಿಮರ್ ಡಿಪ್ಲೊಮಾ ಮುಗಿಸಿ ಪುಣೆಯ ಒಂದು ಪೈಪ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದೆ. ಈಗ ನಾಲ್ಕು ವರ್ಷದಿಂದ ಶಹಾಪುರದ ಹೊರಗೆ, ಸುರಪುರ ರಸ್ತೆಯಲ್ಲಿ, ಸೂಗಪ್ಪ ಸಾಹುಕಾರರ ಕಾರ್ಖಾನೆಯಲ್ಲಿ ಪೈಪಿನ ಡಿಸೈನು ಮಾಡುತ್ತೇನೆ. ಹೆಣೆಯುವ ಯಂತ್ರ ಎರಡು, ಕೆಲಸದವರು ಮೂವತ್ತೆಂಟು ಮಂದಿ. ನನ್ನ ಮಾತು ಸ್ವಲ್ಪ ಒರಟು ಎಂದು ಎಲ್ಲರೂ ಹೇಳುತ್ತಾರೆ. ಒರಟಾಗಿ ಮಾತಾಡುವವರು ಸತ್ಯ ಹೇಳುತ್ತಾರೆ ಎಂಬ ನಂಬಿಕೆಯೊಂದು ಜನರಲ್ಲಿದೆ. ನಾನೂ ನನ್ನ ಬಗ್ಗೆ ಹಾಗೇ ನಂಬಿಕೊಂಡಿದ್ದೆ.

ಪೈಪು ಅಂದರೆ ನೋಡುವವರಿಗೆ ಕರಿ ರಬ್ಬರು. ಅದರ ಜೀವ ಇರುವುದು ಹೊಟ್ಟೆಯೊಳಗಿನ ತಂತಿಯಲ್ಲಿ. ಎಲ್ಲಕ್ಕೂ ಒಳಗೆ ಎಣ್ಣೆ ಹಿಡಿದಿಡುವ ರಬ್ಬರಿನ ನಳಿಕೆ, ಅದರ ಮೇಲೆ ಜಡೆ ಹೆಣೆದ ಹಾಗೆ ಉಕ್ಕಿನ ತಂತಿಯ ಎರಡು ಪದರ, ಎಲ್ಲಕ್ಕೂ ಮೇಲೆ ಬಿಸಿಲು ಮಳೆ ತಡೆಯುವ ಇನ್ನೊಂದು ರಬ್ಬರು. ಹೆಣಿಗೆಯ ಓರೆ ಐವತ್ತನಾಲ್ಕು ಮುಕ್ಕಾಲು ಡಿಗ್ರಿಯ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ನೆಟ್ಟಗಾದರೆ ಒತ್ತಡ ಬಿದ್ದಾಗ ಪೈಪು ಉಬ್ಬಿ ಮೋಟಾಗುತ್ತದೆ. ಅಡ್ಡವಾದರೆ ಸಣಕಲಾಗಿ ಉದ್ದವಾಗುತ್ತದೆ. ಓರೆ ಸರಿಯಿದ್ದರೆ ಎಷ್ಟು ಒತ್ತಡ ಬಂದರೂ ಇದ್ದಲ್ಲೇ ಇರುತ್ತದೆ. ತಂತಿ ಹೆಚ್ಚು ಹಾಕಿದಷ್ಟೂ ಪೈಪು ಗಟ್ಟಿ, ಗಟ್ಟಿಯಾದಷ್ಟೂ ಬಗ್ಗುವುದಿಲ್ಲ. ನನ್ನ ಹೊಟ್ಟೆಪಾಡು ನಡೆದಿರುವುದೇ ಈ ಜಗಳದ ನಡುವೆ.

"ನಮ್ಮ ಪೈಪ್ ಭಾಳ ಗಟ್ಟಿ ಅದ ಬಸಮ್ಮ, ಆದ್ರ ಯಾರೂ ಒಯ್ಯಾಕತ್ತಿಲ್ಲ," ಎಂದು ಸೂಗಪ್ಪನವರು ಹೋದ ಮುಂಗಾರಿನಲ್ಲಿ ಹೇಳಿದರು. "ಹಾವು ಸಾಯಬೇಕು, ಕೋಲು ಮುರಿಬಾರದು. ಅಂಥಾದ್ದೊಂದು ಮಾಡಿ ಕೊಡು."

ಮಾಡಿದೆ. ಒಂದೊಂದು ಎಳೆಯಲ್ಲಿ ಎಂಟೆಂಟು ತಂತಿ ಇರುತ್ತಿತ್ತು, ಅದನ್ನು ಆರಕ್ಕಿಳಿಸಿದೆ. ತಂತಿ ಕಡಿಮೆಯಾದರೂ ಹೆಚ್ಚು ಬಲದ ಉಕ್ಕು ತರಿಸಿದೆ. ಎರಡು ಪದರದ ನಡುವೆ ಮೆತ್ತನೆಯ ರಬ್ಬರು ಕೊಟ್ಟೆ. ಮೊದಲ ತುಂಡು ಯಂತ್ರದಿಂದ ಹೊರಬಂದಾಗ ನಾನೇ ಅದನ್ನು ಮೊಣಕಾಲಿಗೆ ಹಚ್ಚಿ ಬಗ್ಗಿಸಿದೆ. ಬೆಣ್ಣೆಯ ಹಾಗೆ ಬಗ್ಗಿತು. ಅದನ್ನು ನೆಟ್ಟಗೆ ಕಟ್ಟಿ ಒಡೆಯುವ ತನಕ ಒತ್ತಡ ಕೊಟ್ಟೆವು. ಇರಬೇಕಾದ್ದಕ್ಕಿಂತ ಹೆಚ್ಚೇ ತಡೆಯಿತು. ಆ ದಿನ ನನಗಾದ ಖುಷಿಯನ್ನು ಸುಳ್ಳು ಎನ್ನಲಾರೆ. ಅದುವರೆಗೂ ಸಲಾಕಿ ಸಲಾಕಿ ಎಂದು ಆಡಿಕೊಂಡವರ ಬಾಯಿಗೆ ಬೀಗ ಹಾಕಿದೆ ಎಂದು ಬೀಗಿದೆ.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಪೈಪನ್ನು ಬಗ್ಗಿಸಿ ಕಟ್ಟಿ, ಒತ್ತಡ ಕೊಟ್ಟು ಬಿಟ್ಟು, ಕೊಟ್ಟು ಬಿಟ್ಟು, ಎರಡು ಲಕ್ಷ ಸಲ ಬಡಿಯಬೇಕು. ಕರೆಂಟು ಹೋಗಿ ಬಂದು ಮಾಡುವ ನಮ್ಮಲ್ಲಿ ಅದಕ್ಕೆ ವಾರಗಟ್ಟಲೆ ಬೇಕು. ಭತ್ತದ ಕೊಯ್ಲು ಶುರುವಾಗಿತ್ತು. "ಮೂರು ತುಂಡು ಸ್ಯಾಂಪಲ್ ಕೊಟ್ಟು ನೋಡೂಣು" ಎಂದರು ಸಾಹುಕಾರರು. ಪರೀಕ್ಷೆ ಮುಗಿಯದೆ ಕೊಡಬಾರದು ಎಂಬ ನಿಯಮ ಬರೆದವಳೇ ನಾನು. ಆದರೂ ಸಹಿ ಮಾಡಿದೆ. ಒತ್ತಾಯಕ್ಕೆ ಮಾಡಿದೆ ಎಂದರೆ ದೇವರು ಮೆಚ್ಚನು. ನಾಲ್ಕು ಮಂದಿ ನನ್ನ ಪೈಪನ್ನು ಹೊಗಳುವುದನ್ನು ಕೇಳಬೇಕಾಗಿತ್ತು ನನಗೆ.

ಒಂದು ತುಂಡು ಶಹಾಪುರದ ಒಂದು ಹತ್ತಿ ಮಿಲ್ಲಿಗೆ ಹೋಯಿತು. ಒಂದು ಹತ್ತಿಕುಣಿ ಊರಿನ ಮಣ್ಣು ತೋಡುವ ಯಂತ್ರಕ್ಕೆ. ಮೂರನೆಯದು ದೇವಾಪುರದ ಸಾಬಣ್ಣನಿಗೆ. ಅವನು ಸುರಪುರದ ಮಾಲೀಕರೊಬ್ಬರ ಭತ್ತ ಕೊಯ್ಯುವ ಮಶೀನು ಓಡಿಸುತ್ತಾನೆ. ಮೂವತ್ತೈದರ ಆಳು, ನಗುಮುಖ. ಪೈಪನ್ನು ಮೊಣಕಾಲಿಗೆ ಹಚ್ಚಿ ಬಗ್ಗಿಸಿ, "ಅಕ್ಕಾರ, ಇದು ಪೈಪ್ ಅಲ್ರಿ, ನಮ್ಮ ಮರಿಲಿಂಗಮ್ಮನ ಜಡಿ ಐತಿ" ಎಂದಿದ್ದ. ಮರಿಲಿಂಗಮ್ಮ ಅವನ ಹೆಂಡತಿ. ಆ ಮಾತನ್ನು ಊಟದ ಹೊತ್ತಿಗೆ ಕಾರ್ಖಾನೆಯ ಎಲ್ಲರಿಗೂ ಹೇಳಿಕೊಂಡು ನಕ್ಕಿದ್ದೆ.

ಸ್ಯಾಂಪಲ್ ಕೊಟ್ಟ ಹದಿನಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಗೆ ಬಂದಾಗ, ಇತ್ತ ನಡೆದೇ ಇದ್ದ ಪರೀಕ್ಷೆಯಲ್ಲಿ ಬಡಿಯುವ ಯಂತ್ರದ ಲೆಕ್ಕ ಅರವತ್ತೆರಡು ಸಾವಿರದ ಮೇಲಿತ್ತು. ಪೈಪು ಒಡೆದಿರಲಿಲ್ಲ. ಆದರೆ ಅದನ್ನು ಮುಚ್ಚಿದ್ದ ಗಾಜಿನ ಪೆಟ್ಟಿಗೆಯ ಒಳಗೆಲ್ಲ ಮಂಜು ಹಿಡಿದ ಹಾಗಿತ್ತು. ಅದು ಎಣ್ಣೆಯ ಮಂಜು. ಪೈಪಿನಲ್ಲಿ ಎಲ್ಲಿಯೂ ತೂತು ಕಾಣಲಿಲ್ಲ. ಒಂದು ರಟ್ಟಿನ ತುಂಡನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಇಳಿಸಿ, ಪೈಪಿನ ಹತ್ತಿರ ಮೆಲ್ಲಗೆ ಸರಿಸಿದೆ. ಬಾಗಿದ ಜಾಗದ ಹೊರಮೈಗೆ ಬಂದಾಗ ರಟ್ಟು ಸದ್ದಿಲ್ಲದೆ ಸೀಳಿತು. ಬ್ಲೇಡಿನಿಂದ ಕೊಯ್ದ ಹಾಗೆ.

ಆಗ ತಿಳಿಯಿತು ನಾನು ಮಾಡಿದ ತಪ್ಪು. ಆರು ತಂತಿಯ ಹೆಣಿಗೆಯಲ್ಲಿ ಎಳೆ ಎಳೆಯ ನಡುವೆ ಸಂದು ಉಳಿದಿತ್ತು. ನೆಟ್ಟಗಿದ್ದಾಗ ಆ ಸಂದು ಏನೂ ಮಾಡುವುದಿಲ್ಲ. ಬಗ್ಗಿದಾಗ ಹೊರಮೈಯ ಸಂದು ಅಗಲವಾಗಿ, ಒಳಗಿನ ರಬ್ಬರು ಅದರಲ್ಲಿ ತುರುಕಿಕೊಂಡು, ಪ್ರತಿ ಬಡಿತಕ್ಕೂ ತಂತಿಗೆ ಉಜ್ಜಿ ಉಜ್ಜಿ ಸೂಜಿಮೊನೆಯಷ್ಟು ತೂತಾಗುತ್ತದೆ. ಒಡೆಯುವ ಪೈಪು ಢಮ್ ಎನ್ನುತ್ತದೆ, ಮಂದಿ ಓಡುತ್ತಾರೆ, ಮಶೀನು ನಿಲ್ಲುತ್ತದೆ. ಇದು ಬೆವರುತ್ತದೆ ಅಷ್ಟೇ. ನಮ್ಮ ಮಂದಿ ಬೆವರಿದ ಪೈಪು ಕಂಡರೆ ಮಾಡುವ ಮೊದಲ ಕೆಲಸ ಹಳೆಯ ಸೈಕಲ್ ಟ್ಯೂಬು ಸೀಳಿ ಸುತ್ತುವುದು. ಎರಡನೆಯದು ಎಲ್ಲಿ ಸೋರುತ್ತಿದೆ ಎಂದು ಬರಿಗೈ ಆಡಿಸಿ ನೋಡುವುದು.

ಪುಣೆಯ ಕಾರ್ಖಾನೆಯ ಗೋಡೆಯ ಮೇಲೆ ಎರಡು ಫೋಟೋ ಇದ್ದವು. ಅಂಥ ತೂತಿನ ಮುಂದೆ ಬೆರಳಿಟ್ಟ ಒಬ್ಬನ ಕೈ. ಮೊದಲ ದಿನ ಒಂದು ಚುಕ್ಕೆ, ನೋವಿಲ್ಲ, ರಕ್ತವಿಲ್ಲ. ಎರಡನೆಯ ದಿನದ ಫೋಟೋವನ್ನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ನಾನು ಪೂರ್ತಿ ನೋಡಿರಲಿಲ್ಲ.

ಸೀಳಿದ ರಟ್ಟು ತೋರಿಸಿದಾಗ ಸೂಗಪ್ಪನವರ ಮುಖ ಕಪ್ಪಿಟ್ಟಿತು. "ಮೂರೂ ವಾಪಸ್ ತರಿಸು, ಈಗ ತರಿಸು," ಎಂದರು. ನಮ್ಮ ಡ್ರೈವರು ಚಾಂದಪಾಶಾ, ಫಿಟ್ಟಿಂಗ್ ಕೆಲಸವನ್ನೂ ಬಲ್ಲವನು, ಕೂಡಲೇ ಹತ್ತಿ ಮಿಲ್ಲಿಗೆ ಹೋಗಿ ಅರ್ಧ ತಾಸಿನಲ್ಲಿ ಬಿಚ್ಚಿಕೊಂಡು ಬಂದ. ಹತ್ತಿಕುಣಿಯ ಯಂತ್ರ ಎರಡು ದಿನದಿಂದ ನಿಂತೇ ಇತ್ತಂತೆ, ಮುಟ್ಟಬೇಡಿ ಎಂದು ಹೇಳಿದ್ದಾಯಿತು. ಉಳಿದವನು ಸಾಬಣ್ಣ.

ಎಂಟೂವರೆಗೆ ಫೋನು ಹಚ್ಚಿದೆ. ರಿಂಗಾಗುತ್ತಿದ್ದಾಗ ಸೂಗಪ್ಪನವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ಕೆಟ್ಟದ ಅಂತ ಬಾಯಿ ಬಿಡಬ್ಯಾಡ, ತಾಯಿ. ಸುರಪುರ ತುಂಬ ಸುದ್ದಿ ಆತಂದ್ರ ಮೂವತ್ತೆಂಟು ಮನಿ ಒಲಿ ಆರ್ತಾವ. ಚೆಕ್ ಮಾಡೋದದ ಅನ್ನು, ಸಾಕು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಕಸ ಗುಡಿಸುವವರಿಂದ ಹಿಡಿದು ಹೆಣೆಯುವವರ ತನಕ ಆ ಮೂವತ್ತೆಂಟೂ ಮಂದಿ ನನಗೆ ಗೊತ್ತಿದ್ದವರು. ಆದರೆ ನಾನು ಯೋಚಿಸಿದ್ದು ಅವರ ಒಲೆಯನ್ನಲ್ಲ. ನನ್ನ ಪೈಪು ಕೆಟ್ಟಿದೆ ಎಂಬ ಮಾತು ನನ್ನ ನಾಲಿಗೆಯ ಮೇಲೆ ಬರಲಿಲ್ಲ.

"ಸಾಬಣ್ಣ, ಮಶೀನ್ ನಿಲ್ಲಿಸು. ಪೈಪ್ ಒಮ್ಮಿ ಚೆಕ್ ಮಾಡೋದೈತಿ, ನಾ ಬರಾಕತ್ತೇನಿ."

"ಯಾಕ್ರಿ ಅಕ್ಕಾರ? ಪೈಪ್ ಏಕ್ ನಂಬರ್ ಐತಿ." ಹಿಂದಿನಿಂದ ಮಶೀನಿನ ಗದ್ದಲ. "ಮ್ಯಾಲ ಮೋಡ ಆಗ್ಯಾವ್ರಿ. ಇವತ್ತ ಈ ಕಾಲುವಿ ದಂಡಿ ಹೊಲ ಕೊಯ್ಲಿಲ್ಲಂದ್ರ ಮಂದೀದು ಭತ್ತ ತೊಯ್ತಾವ. ನಾಳಿಗಿ ಬರ್ರಿ."

"ನಾಳಿಗಿ ಆಗಂಗಿಲ್ಲ. ಅದನ್ನ ಬಿಚ್ಚಿ ಬ್ಯಾರೆ ಪೈಪ್ ಹಾಕ್ತೀನಿ."

"ಓ, ಬಿಚ್ಕೊಂಡು ಹೋಗಾಕ ಬರಾಕತ್ತೀರಿ," ಎಂದು ನಕ್ಕ. "ಛಲೋ ಐತಂತ ನಾ ಹೇಳಿದ್ದ ತಪ್ಪಾತೇನ್ರಿ? ಕೊಟ್ಟಿದ್ದು ಕೊಟ್ರಿ, ಬಿಡ್ರಲಾ." ಫೋನಿಟ್ಟ. ಮತ್ತೆ ಹಚ್ಚಿದರೆ ಬಂದ್ ಆಗಿತ್ತು.

ಹತ್ತಿರವಿದ್ದ ಸೂಗಪ್ಪನವರು "ಬಾಯಿ ಮಾತಿಗಿ ಕೇಳಲಿಲ್ಲಂದ್ರ ಹೋಗಿ ತರ್ರಿ" ಎಂದರು. ಹೊಸ ಎಂಟು ತಂತಿಯ ಪೈಪೊಂದನ್ನು ಜೀಪಿಗೆ ಹಾಕಿಕೊಂಡು ನಾನೂ ಚಾಂದಪಾಶಾನೂ ಹೊರಟೆವು. ಅದರ ತುದಿಗೆ ಸರಿಹೊಂದುವ ಫಿಟ್ಟಿಂಗು ಹುಡುಕಿ ಒತ್ತಿಸುವಷ್ಟರಲ್ಲಿ ಒಂಬತ್ತೂವರೆ ಆಗಿಹೋಗಿತ್ತು. ಸುರಪುರ ದಾಟಿದ ಮೇಲೆ ಚಾಂದಪಾಶಾ, "ಅಕ್ಕಾ, ಒಂದ್ ಮಾತ್ರಿ. ಅಂವಗ ಖರೇ ಹೇಳಿದ್ರ ಏನಾಗ್ತಿತ್ತು?" ಎಂದ.

"ನೀ ರಸ್ತಾ ನೋಡಿ ಗಾಡಿ ಹೊಡಿ," ಎಂದೆ. ಒರಟು ಮಾತು ಅವಸರಕ್ಕೆ ಒದಗುತ್ತದೆ, ಅದೊಂದು ಅನುಕೂಲ.

ಸಾಬಣ್ಣ ಕೊಯ್ಯುತ್ತೇನೆಂದಿದ್ದ ಹೊಲ ದೇವಾಪುರದ ಆಚೆ, ಕಾಲುವೆಯ ದಂಡೆಗಿತ್ತು. ಅಲ್ಲಿ ಮಶೀನಿರಲಿಲ್ಲ. ಕೊಯ್ದ ಕೂಳೆಯ ಮೇಲೆ ಅದರ ಚೈನಿನ ಗುರುತು ಮಾತ್ರ ಇತ್ತು. ಮೋಡ ಕವಿದು ಬಿಸಿಲು ಸತ್ತಿತ್ತು, ಗಾಳಿ ಒಂದಿಷ್ಟೂ ಇರಲಿಲ್ಲ. ಕೆಳಗೆ ಬಿದ್ದ ತೆನೆ ಆರಿಸುತ್ತಿದ್ದ ದೇವಕ್ಕ ಎಂಬ ಮುದುಕಿಯನ್ನು ಕೇಳಿದೆ.

"ಸಾಬಣ್ಣ ಎಲ್ಲಿಗಿ ಹೋದ, ಯವ್ವಾ?"

"ನೀವು ಶಹಾಪುರದವರೇನು?" ಎಂದಳು. "ಶಹಾಪುರದವರು ಬಂದ್ರ ಹೇಳಬ್ಯಾಡ ಅಂದಾನವ್ವ. ನಾ ಹೇಳಂಗಿಲ್ಲ."

ಅವಳ ಹತ್ತಿರ ನಿಂತು ವಾದ ಮಾಡುವಾಗ ನನ್ನ ಕಣ್ಣು ನೆಲದ ಮೇಲೆ ಬಿತ್ತು. ಚೈನಿನ ಗುರುತಿನ ಪಕ್ಕದ ಹುಲ್ಲಿನ ಮೇಲೆ ಕಪ್ಪು ಹನಿಗಳಿದ್ದವು. ಒಂದು ಕಡ್ಡಿ ಎತ್ತಿ ಮೂಸಿದೆ. ಹೈಡ್ರಾಲಿಕ್ ಎಣ್ಣೆ. ಹೊಲದ ಆ ತುದಿಯಲ್ಲಿ ಹತ್ತು ಹೆಜ್ಜೆಗೊಂದು ಹನಿ, ಈ ತುದಿಯಲ್ಲಿ ಎರಡು ಹೆಜ್ಜೆಗೊಂದು. ನಾವು ಮುದುಕಿಯನ್ನು ಬಿಟ್ಟು ಹನಿಗಳ ಬೆನ್ನು ಹತ್ತಿದೆವು.

ಹನಿಗಳು ಕಾಲುವೆಯ ಸೇತುವೆ ದಾಟಿದವು. ಆಚೆಯ ಡಾಂಬರು ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಓಡಾಡಿ ಗುರುತು ಅಳಿಸಿಹೋಗಿತ್ತು. ಎಡಕ್ಕೆ ಹೋದೆವು, ಅದಲ್ಲ. ಬಲಕ್ಕೆ ಹೋದೆವು, ಅಲ್ಲಿ ಬೇರೆ ಯಾರದೋ ಮಶೀನು. ಹೋದಲ್ಲೆಲ್ಲ ಮಂದಿ ನಮ್ಮನ್ನು ವಸೂಲಿಗೆ ಬಂದವರ ಹಾಗೆ ನೋಡಿ, "ನಮಗೇನು ಗೊತ್ರಿ" ಎನ್ನುತ್ತಿದ್ದರು. ಸ್ಯಾಂಪಲ್ ಕೊಟ್ಟು ವಾಪಸ್ ಕಿತ್ತುಕೊಳ್ಳುವ ಸಾಹುಕಾರನ ಕಡೆಯವರು ಎಂದು ಅವನು ಎಲ್ಲರಿಗೂ ಹೇಳಿಟ್ಟಿದ್ದ. ಅವನ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಮತ್ತು ಆ ಸಿಟ್ಟಿಗೆ ನನಗೆ ಹಕ್ಕಿಲ್ಲ ಎಂದೂ ಗೊತ್ತಿತ್ತು. ಹೀಗೆಯೇ ಎರಡು ತಾಸು ಹೋಯಿತು.

ಒಂದು ಗಂಟೆಗೆ ಜಾಲಿಗಿಡಗಳ ಹಿಂದೆ ಕೆಂಪು ಬಣ್ಣದ ಮಶೀನು ಕಂಡಿತು. ನಿಂತಿತ್ತು. ನಿಂತ ಮಶೀನು ಕಂಡು ಮೊದಲು ಸಮಾಧಾನವಾಯಿತು. ನೆರಳಿಗೆ ಸಾಬಣ್ಣ ಕುಳಿತಿದ್ದ, ಎದುರಿಗೆ ಬುತ್ತಿ ಬಿಚ್ಚಿಕೊಂಡು ಮರಿಲಿಂಗಮ್ಮ. ಹತ್ತಿರ ಹೋಗುತ್ತಿದ್ದಂತೆ ನೋಡಿದೆ, ಅವನು ರೊಟ್ಟಿಯನ್ನು ಎಡಗೈಯಿಂದ ಮುರಿದು ಪುಂಡಿಪಲ್ಯಕ್ಕೆ ಅದ್ದುತ್ತಿದ್ದ.

ನಮ್ಮ ನಾಡಿನಲ್ಲಿ ಯಾವ ಗಂಡಸೂ ಸುಮ್ಮಸುಮ್ಮನೆ ಎಡಗೈಯಲ್ಲಿ ಉಣ್ಣುವುದಿಲ್ಲ.

"ಸಿಕ್ಕೆ ನೋಡ್ರಿ," ಎಂದು ಅವನು ನಾಚಿ ನಕ್ಕ. "ಬರ್ರಿ ಅಕ್ಕಾರ, ಊಟ ಮಾಡ್ರಿ."

"ಬಲಗೈಗಿ ಏನಾಗೇತಿ?"

"ಏನಿಲ್ರಿ, ಮುಳ್ಳ ಚುಚ್ಚೇತಿ."

"ಮುಳ್ಳಲ್ರಿ, ಸುಳ್ಳ ಹೇಳ್ತಾನ," ಎಂದಳು ಮರಿಲಿಂಗಮ್ಮ. "ಪೈಪ್ ಬೆವರಾಕತ್ತಿತ್ತಂತ. ಟ್ಯೂಬಿನ ಪಟ್ಟಿ ಸುತ್ಯಾನ. ಮತ್ತೂ ಸೋರಾಕತ್ತೈತಂತ ಕೈ ಆಡ್ಸ್ಯಾನ. ಏನೋ ಚುರ್ ಅಂತಂತ. ನಾ ಅರಿಶಿಣ ಹಚ್ಚೀನ್ರಿ."

ಅವನ ಕೈ ಹಿಡಿದು ಅರಿಶಿಣ ಒರೆಸಿದೆ. ತೋರುಬೆರಳ ತುದಿಯಲ್ಲಿ ಒಂದು ಚುಕ್ಕೆ. ರಕ್ತವಿಲ್ಲ. ಸೊಳ್ಳೆ ಕಚ್ಚಿದರೂ ಅದಕ್ಕಿಂತ ದೊಡ್ಡದಾಗುತ್ತದೆ. ಆದರೆ ಬೆರಳು ಬುಡದ ತನಕ ಊದಿ ಬಿಗಿದು, ಬಣ್ಣ ಹೋಗಿ, ಬೂದಿ ಬಳಿದ ಹಾಗೆ ಬೆಳ್ಳಗಾಗಿತ್ತು. ಮುಟ್ಟಿದರೆ ತಣ್ಣಗಿತ್ತು.

"ಎಷ್ಟೊತ್ತಾತು?"

"ಹತ್ತೂವರಿ ಇರಬೇಕ್ರಿ. ಮೊದಲ ಏನೂ ಅನ್ಸಲಿಲ್ಲ. ಈಗ ಸ್ವಲ್ಪ ಜಗ್ಗಾಕತ್ತೈತಿ, ಅಷ್ಟ."

"ಏಳು. ದವಾಖಾನಿಗಿ ಹೋಗೋದೈತಿ."

"ಇದಕ್ಕ್ಯಾಕ್ರಿ ದವಾಖಾನಿ? ಇನ್ನೆರಡ ಮಡಿ ಉಳದಾವ. ಮಳಿ ಬರೂದ್ರಾಗ ಮುಗಿಸಿ, ಸಂಜಿಗಿ ಹೋಗ್ತೀನಿ ತಗೋರಿ."

"ಸಾಬಣ್ಣ, ಪೈಪ್ ಕೆಟ್ಟೈತಿ," ಎಂದೆ. ಕೊನೆಗೂ ಬಂತು ಮಾತು. "ನಾ ಮಾಡಿದ್ದ ಕೆಟ್ಟೈತಿ. ನಿನ್ನ ಬೆರಳಾಗ ಎಣ್ಣಿ ಹೊಕ್ಕೈತಿ, ಒಳಗ ಸುಡಾಕತ್ತೈತಿ. ಕೈ ಹೋಗ್ತದೋ ಮಾರಾಯ."

ಅವನು ನಂಬಲಿಲ್ಲ. ನಂಬುವುದಾದರೂ ಹೇಗೆ? ಬೆಳಿಗ್ಗೆ ಚೆಕ್ ಮಾಡಬೇಕು ಎಂದವಳು, ಮಧ್ಯಾಹ್ನ ಕೈ ಹೋಗುತ್ತದೆ ಎನ್ನುತ್ತಿದ್ದೇನೆ. "ಪೈಪ್ ಒಯ್ಯಾಕ ಹಿಂಗ ಹೆದರಸ್ತೀರೇನ್ರಿ?" ಎಂದು ಮತ್ತೊಂದು ತುತ್ತು ಮುರಿದ.

ಹೊಸ ಪೈಪು ತಂದಿದ್ದ ಪೆಟ್ಟಿಗೆಯಿಂದ ರಟ್ಟು ಹರಿದುಕೊಂಡೆ. ಚಾಂದಪಾಶಾ ಮೇಲೆ ಹತ್ತಿ ಮಶೀನು ಚಾಲೂ ಮಾಡಿ ಕಬ್ಬಿಣದ ಬಾಯನ್ನು ಎತ್ತಿದ. ಕಟ್ಟಿಗೆಯೊಂದರ ತುದಿಗೆ ರಟ್ಟು ಸಿಕ್ಕಿಸಿ, ದೂರ ನಿಂತು, ಟ್ಯೂಬು ಸುತ್ತಿದ ಜಾಗದ ಹತ್ತಿರ ಹಿಡಿದೆ. ಪೈಪಿನಿಂದ ಏನೂ ಬರುತ್ತಿರುವಂತೆ ಕಾಣಲಿಲ್ಲ. ರಟ್ಟು ಮಾತ್ರ ನಡುವೆ ಎರಡಾಗಿ ಕೆಳಗೆ ಬಿತ್ತು.

ಸಾಬಣ್ಣ ನೋಡುತ್ತಲೇ ಇದ್ದ. ಮರಿಲಿಂಗಮ್ಮ ನೋಡಿ ಮುಗಿಸಿದ್ದಳು. ಅವನ ಮುಂದಿನ ಬುತ್ತಿಯನ್ನು ಎಳೆದು ಅರಿವೆಯಲ್ಲಿ ಗಂಟು ಕಟ್ಟಿ ಎದ್ದು ನಿಂತಳು. "ಏಳು ಮ್ಯಾಲ," ಎಂದಳು ಗಂಡನಿಗೆ. ಅವನು ಎದ್ದ.

ಸುರಪುರದ ದವಾಖಾನೆಯ ಡಾಕ್ಟರು ಬೆರಳು ನೋಡಿ, ನಾನು ಹೇಳಿದ್ದು ಕೇಳಿ, ಸೂಜಿ ಕೊಟ್ಟು, ಇದು ಇಲ್ಲಿಯ ಕೆಲಸವಲ್ಲ, ಒಂದು ನಿಮಿಷ ತಡಮಾಡದೆ ಕಲಬುರಗಿಗೆ ಒಯ್ಯಿರಿ ಎಂದು ಚೀಟಿ ಬರೆದರು. ಜೀಪಿನಲ್ಲಿ ಸಾಬಣ್ಣ ಮುಂದೆ ಕುಳಿತ, ನಾವಿಬ್ಬರು ಹೆಂಗಸರು ಹಿಂದೆ. ಶಹಾಪುರ ಬರುವ ತನಕ ಅವನು ಮಾತಾಡುತ್ತಲೇ ಇದ್ದ. ಉಳಿದ ಎರಡು ಮಡಿಯ ಭತ್ತದ ಚಿಂತೆ, ಮಾಲೀಕ ಏನನ್ನುತ್ತಾನೋ ಎಂಬ ಚಿಂತೆ. "ಏನ ಆಗ್ಲಿ ಅಕ್ಕಾರ, ಪೈಪ್ ಬಗ್ಗೋದು ಮಾತ್ರ ಭಾಳ ಛಲೋ ಬಗ್ತಿತ್ರಿ," ಎಂದೂ ಹೇಳಿದ. ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಅವನು ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಕಾರ್ಖಾನೆಯ ಗೇಟು ದಾಟಿ ಹೋಯಿತು. ಸೂಗಪ್ಪನವರು ಫೋನು ಮಾಡುತ್ತಲೇ ಇದ್ದರು, ಎತ್ತಲಿಲ್ಲ. ಜೇವರ್ಗಿ ಬರುವಷ್ಟರಲ್ಲಿ ಸಾಬಣ್ಣನ ಮಾತು ನಿಂತಿತ್ತು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು ಹಲ್ಲು ಕಚ್ಚಿ ಕುಳಿತಿದ್ದ. ಬೆಳ್ಳಗಿದ್ದ ಬೆರಳು ನೀಲಿಗಟ್ಟುತ್ತಿತ್ತು. ಊತ ಅಂಗೈಗೆ ಇಳಿದಿತ್ತು. ಭೀಮಾ ನದಿಯ ಸೇತುವೆಯ ಮೇಲೆ ಮಳೆ ಶುರುವಾಯಿತು. "ತೊಯ್ತು ನೋಡು ಭತ್ತ," ಎಂದ, ಯಾರಿಗೂ ಅಲ್ಲದ ಹಾಗೆ. ಆಮೇಲೆ ನರಳಲು ಶುರುಮಾಡಿದ. ಗಟ್ಟಿ ಆಳು, ನಾಚಿಕೆ ಬಿಟ್ಟು ನರಳಿದ. ಮರಿಲಿಂಗಮ್ಮ ಹಿಂದಿನಿಂದ ಅವನ ಭುಜ ಹಿಡಿದುಕೊಂಡಿದ್ದಳು.

ಕಲಬುರಗಿಯ ಆಸ್ಪತ್ರೆ ಮುಟ್ಟಿದಾಗ ನಾಲ್ಕೂವರೆ. ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ಹಿರಿಯ ಡಾಕ್ಟರೊಬ್ಬರು ಹೊರಗೆ ಬಂದು ಯಾವ ಎಣ್ಣೆ, ಎಷ್ಟು ಒತ್ತಡ ಎಂದು ಕೇಳಿದರು. ಹೇಳಿದೆ. ಎಷ್ಟು ಹೊತ್ತಿಗೆ ಆಯಿತು ಎಂದರು.

"ಹತ್ತೂವರಿಗಿ," ಎಂದಳು ಮರಿಲಿಂಗಮ್ಮ.

"ಆರು ತಾಸು," ಎಂದು ಡಾಕ್ಟರು ತಮ್ಮಷ್ಟಕ್ಕೆ ಅಂದುಕೊಂಡರು. "ತೋರುಬೆರಳು ಉಳಿಯೋದಿಲ್ಲಮ್ಮ. ಎಣ್ಣೆ ಎಲ್ಲಿಯತನಕ ಹೋಗಿದೆ ಅನ್ನೋದು ಕೈ ತೆರೆದ ಮೇಲೇ ಗೊತ್ತಾಗೋದು. ಬೇಗ ಬಂದಷ್ಟೂ ಒಳ್ಳೇದಿತ್ತು." ಅವರು ಒಳಗೆ ಹೋದರು.

ವರಾಂಡದ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಬುತ್ತಿಯ ಗಂಟು ಇನ್ನೂ ಅವಳ ತೊಡೆಯ ಮೇಲಿತ್ತು. ಅವಳು ನನ್ನ ಕಡೆ ತಿರುಗಿದಳು. ಮಧ್ಯಾಹ್ನದ ತನಕ ನನಗೆ ರೀ ಹಚ್ಚಿ ಮಾತಾಡುತ್ತಿದ್ದವಳು.

"ಮುಂಜಾನಿ ಎಂಟೂವರಿಗಿ ಅಂವಗ ಫೋನ್ ಮಾಡಿದಾಕಿ ನೀನ ಅಲ್ಲ?"

"ಹೂಂ."

"ಆವಾಗ ನಿನಗ ಗೊತ್ತಿತ್ತೇನು? ಕೈ ಹೋಗ್ತದ ಅಂತ?"

ಏನೇನೋ ಹೇಳಬಹುದಿತ್ತು. ಸಾಹುಕಾರರು ಪಕ್ಕದಲ್ಲಿದ್ದರು, ಅವನೇ ಫೋನಿಟ್ಟ, ಮೂವತ್ತೆಂಟು ಮನೆಯ ಒಲೆ. ಎಲ್ಲವೂ ನಿಜವೇ.

"ಗೊತ್ತಿತ್ತು," ಎಂದೆ.

"ಹೇಳಿದ್ರ ನಿಲ್ಲಿಸ್ತಿದ್ದ," ಎಂದಳು. ದನಿ ಏರಲಿಲ್ಲ. "ಅಂವ ಕೆಲಸದಾಗ ಹಟಮಾರಿ, ಆದ್ರ ದಡ್ಡ ಅಲ್ಲ. ಒಂದ ಮಾತ ಹೇಳಿದ್ರ ನಿಲ್ಲಿಸ್ತಿದ್ದ."

ನನಗೆ ಅಳು ಬಂತು. ಅಳುವ ಹಕ್ಕು ಅವಳಿಗಿತ್ತು, ಅವಳು ಅಳುತ್ತಿರಲಿಲ್ಲ. ಅದಕ್ಕೇ ನುಂಗಿಕೊಂಡೆ.

ನರ್ಸು ಬಂದು ಒಂದು ಕಾಗದ ಕೊಟ್ಟಳು. ಆಪರೇಶನ್ನಿಗೆ ಮನೆಯವರ ಸಹಿ ಬೇಕು, ಓದಿ ಸಹಿ ಮಾಡಿ, ಬೇಗ ಎಂದಳು. ಮರಿಲಿಂಗಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎರಡೂ ಮಗ್ಗುಲು ಇಂಗ್ಲಿಷಿನಲ್ಲಿತ್ತು. ಚಾಂದಪಾಶಾ "ತರ್ರಿ, ನಾ ಯಾರನಾರ ಕೇಳ್ತೀನಿ" ಎಂದು ಎದ್ದ.

"ಬ್ಯಾಡ," ಎಂದಳು ಅವಳು. ಕಾಗದವನ್ನು ನನ್ನ ಕೈಯಲ್ಲಿಟ್ಟಳು. "ನೀನ ಓದಿ ಹೇಳು. ಏನೂ ಬಿಡಬ್ಯಾಡ."

ಮೊದಲ ಸಾಲಿನಿಂದ ಕನ್ನಡದಲ್ಲಿ ಓದುತ್ತ ಹೋದೆ. ರೋಗಿಯ ಹೆಸರು, ವಯಸ್ಸು, ಊರು. ಬಲಗೈಯನ್ನು ತೆರೆದು ಎಣ್ಣೆಯನ್ನೂ ಸತ್ತ ಮಾಂಸವನ್ನೂ ತೆಗೆಯಲು ಒಪ್ಪಿಗೆ. ತೋರುಬೆರಳನ್ನು ಬುಡದಿಂದ ತೆಗೆಯಲು ಒಪ್ಪಿಗೆ. ಅಗತ್ಯ ಬಿದ್ದರೆ ನಡುಬೆರಳು. ಅಲ್ಲಿಗೆ ಓದುವುದನ್ನು ನಿಲ್ಲಿಸಿದೆ. ಅವಳು ಕಾಗದದ ಮೇಲೆ ಬಾಗಿ, ನಾನು ಬೆರಳಿಟ್ಟಿದ್ದ ಸಾಲಿನ ಕೆಳಗೆ ತನ್ನ ಬೆರಳಿಟ್ಟಳು.

"ಅಗತ್ಯ ಬಿದ್ದರ ಅನ್ನೋದು ಎಷ್ಟ ಸಲ ಐತಿ?"

"ಮೂರು ಸಲ."

"ಮೂರೂ ಓದು."

ಎರಡನೆಯದು ಅಂಗೈ. ಮೂರನೆಯದು ಮೊಣಕೈಯ ಕೆಳಗಿನ ಕೈ ಪೂರ್ತಿ. ಅದನ್ನೂ ಓದಿದೆ.